13 ಕ್ಷೇತ್ರ, ಎರಡು ಚುನಾವಣೆ: ಅನುಪಾತ ಪದ್ಧತಿ ಬಂದರೆ ಮತದಾರನ ಬಲ ಹೆಚ್ಚುತ್ತದೆಯೇ?

ಕೋಟೆ ರಸ್ತೆ, ಚಿತ್ರದುರ್ಗ

ದಾವಣಗೆರೆ ಜಿಲ್ಲೆಯಲ್ಲಿ ಈಗ 7 ವಿಧಾನಸಭಾ ಕ್ಷೇತ್ರಗಳಿವೆ, ಚಿತ್ರದುರ್ಗದಲ್ಲಿ 6. ಈ 13ರ ಪೈಕಿ 2018ರಲ್ಲಿ ಬಿಜೆಪಿ 10 ಗೆದ್ದಿತು, ಕಾಂಗ್ರೆಸ್ 3. 2023ರಲ್ಲಿ ಕಾಂಗ್ರೆಸ್ 11 ಗೆದ್ದಿತು. ಬಿಜೆಪಿಗೆ ಉಳಿದದ್ದು ಹರಿಹರ ಮತ್ತು ಹೊಳಲ್ಕೆರೆ ಮಾತ್ರ. ಜೆಡಿಎಸ್‌ಗೆ ಎರಡು ಸಲವೂ ಒಂದೂ ದಕ್ಕಲಿಲ್ಲ. ಇಷ್ಟನ್ನೇ ನೋಡಿದವರಿಗೆ ಮಧ್ಯ ಕರ್ನಾಟಕದ ಜನರೆಲ್ಲ ಒಟ್ಟಾಗಿ ಮನಸ್ಸು ಬದಲಿಸಿದಂತೆ ಕಾಣುತ್ತದೆ.

ರಾಜ್ಯದ ಮತಪ್ರಮಾಣ ಬೇರೆಯದನ್ನೇ ಹೇಳುತ್ತದೆ. ಬಿಜೆಪಿಗೆ 2018ರಲ್ಲಿ ಸುಮಾರು ಶೇ 36 ಮತ ಬಂದಿತ್ತು. 2023ರಲ್ಲೂ ಬಂದದ್ದು ಶೇ 36. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಕಾಂಗ್ರೆಸ್ ಶೇ 38ರಿಂದ ಶೇ 43ರ ಹತ್ತಿರಕ್ಕೆ ಏರಿತು, ಸ್ಥಾನಗಳು 135 ಆದವು. ಇನ್ನೂ ಹಿಂದಕ್ಕೆ, 2008ಕ್ಕೆ ಹೋಗೋಣ. ಆಗ ಕಾಂಗ್ರೆಸ್‌ಗೆ ಶೇ 34.8, ಬಿಜೆಪಿಗೆ ಶೇ 33.9. ಹೆಚ್ಚು ಮತ ಪಡೆದ ಪಕ್ಷಕ್ಕೆ 80 ಸ್ಥಾನ, ಕಡಿಮೆ ಮತ ಪಡೆದ ಪಕ್ಷಕ್ಕೆ 110. ಬಹುಮತಕ್ಕೆ ಬೇಕಾದ 113ಕ್ಕೆ ಮೂರು ಕಡಿಮೆ ಬಿದ್ದಾಗ ಪಕ್ಷೇತರರಿಗೆ ಬೆಲೆ ಬಂದಿತು. ನಮ್ಮ ಜಿಲ್ಲೆಯ ಹೊಸದುರ್ಗದಿಂದ ಗೆದ್ದ ಗೂಳಿಹಟ್ಟಿ ಶೇಖರ್, ಹಿರಿಯೂರಿನಿಂದ ಗೆದ್ದ ಡಿ. ಸುಧಾಕರ್ ಇಬ್ಬರೂ ಆ ಸರ್ಕಾರದಲ್ಲಿ ಸಚಿವರಾದರು. ಎರಡು ತಾಲ್ಲೂಕುಗಳ ಮತದಾರರು ಪಕ್ಷೇತರರೆಂದು ಆರಿಸಿ ಕಳುಹಿಸಿದವರು ಯಾವ ಸರ್ಕಾರವನ್ನು ನಿಲ್ಲಿಸಬೇಕೆಂಬುದು ಫಲಿತಾಂಶ ಬಂದ ಮೇಲೆ ನಿರ್ಧಾರವಾಯಿತು.

ಇದಕ್ಕೆಲ್ಲ ಮದ್ದು ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಪಡೆದ ಮತದ ಅನುಪಾತದಲ್ಲೇ ಸ್ಥಾನ ಹಂಚುವ ಪದ್ಧತಿ ಎಂದು ಬಹಳ ಜನ ಹೇಳುತ್ತಾರೆ. ನನಗೂ ಅದು ನ್ಯಾಯವೆಂದೇ ಕಾಣುತ್ತದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. 2023ರ ಮತಗಳನ್ನು 224 ಸ್ಥಾನಗಳಿಗೆ ಅನುಪಾತದಲ್ಲಿ ಹಂಚಿದರೆ ಕಾಂಗ್ರೆಸ್‌ಗೆ ಸುಮಾರು 96, ಬಿಜೆಪಿಗೆ 80, ಜೆಡಿಎಸ್‌ಗೆ 30ರ ಆಸುಪಾಸು ಬರುತ್ತವೆ. ಯಾರಿಗೂ ಬಹುಮತವಿಲ್ಲ. ಸದನದಲ್ಲಿ ಯಾರು ಕೂರಬೇಕೆಂಬುದನ್ನು ಮತದಾರ ಸರಿಯಾಗಿ ಹೇಳಿದ. ಯಾರು ಆಳಬೇಕೆಂಬುದನ್ನು ಹೇಳುವವರು ಯಾರು? ಮತದಾರನ ಬಲ ಎಂದರೆ ಈ ಎರಡೂ ಸೇರಿದ್ದು. ಮೊದಲನೆಯದು ಹೆಚ್ಚಿ ಎರಡನೆಯದು ಮುಚ್ಚಿದ ಬಾಗಿಲ ಹಿಂದಕ್ಕೆ ಹೋಗುವುದಾದರೆ ನಾನು ಅದನ್ನು ಅರ್ಧ ಸುಧಾರಣೆ ಎನ್ನುತ್ತೇನೆ. ಅನುಪಾತ ಪದ್ಧತಿಯನ್ನು ಕೇಳುವಾಗಲೇ, ಯಾರ ಜೊತೆ ಸೇರುತ್ತೇವೆ, ಯಾರ ಜೊತೆ ಸೇರುವುದಿಲ್ಲ ಎಂದು ಪಕ್ಷಗಳು ಚುನಾವಣೆಗೆ ಮೊದಲೇ ಸಾರಬೇಕೆಂಬ ನಿಯಮವನ್ನೂ ಕೇಳಬೇಕು. ನಿಮ್ಮ ಅಭಿಪ್ರಾಯ ತಿಳಿಸಿ.

ಮಂಡಿಪೇಟೆ, ದಾವಣಗೆರೆ

ನನಗೆ ಈ ಪದ್ಧತಿಯೇ ಬೇಡ. ಸಮ್ಮಿಶ್ರ ಸರ್ಕಾರಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. 2004ರಲ್ಲಿ ಧರ್ಮಸಿಂಗ್ ಸರ್ಕಾರ, 2006ರಲ್ಲಿ ಅದು ಮುರಿದು ಜೆಡಿಎಸ್‌–ಬಿಜೆಪಿಯ 20–20 ಒಪ್ಪಂದ (ತಲಾ 20 ತಿಂಗಳ ಅಧಿಕಾರ), 2007ರಲ್ಲಿ ಅಧಿಕಾರ ಹಸ್ತಾಂತರದ ಸಮಯ ಬಂದಾಗ ಅದೂ ಮುರಿಯಿತು. 2018ರ ಮೇ ತಿಂಗಳಲ್ಲಿ ಬಂದ ಕುಮಾರಸ್ವಾಮಿ ಸರ್ಕಾರ 2019ರ ಜುಲೈನಲ್ಲಿ 99–105ರಲ್ಲಿ ವಿಶ್ವಾಸಮತ ಸೋತು ಹೋಯಿತು. ಶಾಸಕರು ರೆಸಾರ್ಟಿನಲ್ಲಿ, ಅಧಿಕಾರಿಗಳು ಯಾರ ಮಾತು ಕೇಳಬೇಕೆಂದು ತಿಳಿಯದೆ, ಕಡತಗಳು ಇದ್ದಲ್ಲೇ. ವ್ಯಾಪಾರ ಮಾಡುವವರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. ಗುತ್ತಿಗೆದಾರರ ಬಿಲ್ಲು ನಿಂತರೆ ಸಿಮೆಂಟು, ಕಬ್ಬಿಣದ ಅಂಗಡಿಯ ಬಾಕಿಯೂ ನಿಲ್ಲುತ್ತದೆ.

ಇಸ್ರೇಲಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ, 120 ಸ್ಥಾನ, ಪಕ್ಷಕ್ಕೆ ಸ್ಥಾನ ಸಿಗಲು ಶೇ 3.25 ಮತ ದಾಟಿದರೆ ಸಾಕು. 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಐದು ಸಾರ್ವತ್ರಿಕ ಚುನಾವಣೆ ನಡೆಸಿದರು. ಬೆಲ್ಜಿಯಂನಲ್ಲಿ 2010ರ ಚುನಾವಣೆಯ ನಂತರ ಸರ್ಕಾರ ರಚಿಸಲು 541 ದಿನ ಬೇಕಾಯಿತು. ನನ್ನ ಮತದಿಂದ ನಾನು ಬಯಸುವುದು ಇಷ್ಟೇ: ಕೆಲಸ ಮಾಡದ ಸರ್ಕಾರವನ್ನು ಇಳಿಸುವ ಶಕ್ತಿ. 2023ರಲ್ಲಿ ಅದು ನಡೆಯಿತು. ಅನುಪಾತ ಪದ್ಧತಿಯಲ್ಲಿ ಸೋತ ಪಕ್ಷ ಹಿಂಬಾಗಿಲಿನಿಂದ ಮತ್ತೆ ಮಂತ್ರಿಮಂಡಲದಲ್ಲಿ ಬಂದು ಕೂರುತ್ತದೆ.

ವಾಣಿವಿಲಾಸ, ಹಿರಿಯೂರು

ಮಂಡಿಪೇಟೆ ಸರ್, ನೀವು ಹೇಳಿದ ಕರ್ನಾಟಕದ ಉದಾಹರಣೆಗಳೆಲ್ಲ ಈಗಿರುವ ಪದ್ಧತಿಯಲ್ಲೇ ನಡೆದವು, ಅನುಪಾತ ಪದ್ಧತಿಯಲ್ಲಿ ಅಲ್ಲ. 2018ರ ಮೇ 15ರಂದು ಫಲಿತಾಂಶ, 17ರಂದು ಯಡಿಯೂರಪ್ಪನವರ ಪ್ರಮಾಣವಚನ, ಸುಪ್ರೀಂ ಕೋರ್ಟ್ ಆದೇಶದಂತೆ 19ರಂದು ಬಹುಮತ ಸಾಬೀತಿನ ದಿನ, ಅದಕ್ಕೆ ಮೊದಲೇ ರಾಜೀನಾಮೆ. ಇಷ್ಟೆಲ್ಲ ಆದದ್ದು ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿಯಲ್ಲೇ.

ಜರ್ಮನಿ 1949ರಿಂದ ಅನುಪಾತ ಪದ್ಧತಿಯಲ್ಲಿದೆ. ಅಲ್ಲಿ ಇದುವರೆಗೆ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥರು, ಆದವರು ಹತ್ತೇ ಜನ. ಅದಕ್ಕೆ ಕಾರಣವಾದ ನಿಯಮಗಳಲ್ಲಿ ಒಂದು ಅವರ ಸಂವಿಧಾನದ 67ನೇ ವಿಧಿ. ಮುಂದಿನ ಚಾನ್ಸಲರ್ ಯಾರೆಂದು ಬಹುಮತದಿಂದ ಆರಿಸದ ಹೊರತು ಇರುವವರನ್ನು ಇಳಿಸುವಂತಿಲ್ಲ. ಕೆಡವಲು ಮಾತ್ರ ಒಂದಾಗುವವರಿಗೆ ಅಲ್ಲಿ ದಾರಿಯಿಲ್ಲ. ಕೇಂದ್ರ ಸಂಸತ್ತಿನಲ್ಲಿ ಇದನ್ನು ಪ್ರಯೋಗಿಸಿದ್ದು ಎರಡೇ ಸಲ: 1972ರಲ್ಲಿ ವಿಫಲವಾಯಿತು, 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದರು.

20–20 ಬಗ್ಗೆ ಒಂದು ಮಾತು. ಐರ್ಲೆಂಡಿನಲ್ಲಿ 2020ರ ಚುನಾವಣೆಯ ನಂತರ ಸುಮಾರು ನೂರು ವರ್ಷಗಳ ಎದುರಾಳಿಗಳಾದ ಫಿಯನಾ ಫಾಲ್ ಮತ್ತು ಫೀನ ಗೇಲ್ ಪಕ್ಷಗಳು ಹಸಿರು ಪಕ್ಷದೊಂದಿಗೆ ಸೇರಿ ಸರ್ಕಾರ ರಚಿಸಿದವು. ಅವಧಿಯ ಮೊದಲ ಭಾಗಕ್ಕೆ ಮೀಹಾಲ್ ಮಾರ್ಟಿನ್, ಉಳಿದ ಭಾಗಕ್ಕೆ ಲಿಯೋ ವರದ್ಕರ್ ಪ್ರಧಾನಿ ಎಂದು ಒಪ್ಪಂದ. 2022ರ ಡಿಸೆಂಬರ್‌ನಲ್ಲಿ ಹಸ್ತಾಂತರ ನಡೆದೇ ನಡೆಯಿತು. ಆ ಒಪ್ಪಂದ ಬರಹದಲ್ಲಿತ್ತು, ಪ್ರಕಟವಾಗಿತ್ತು, ಮೂರೂ ಪಕ್ಷಗಳ ಸದಸ್ಯರು ಮತ ಹಾಕಿ ಅದನ್ನು ಒಪ್ಪಿದ್ದರು. ಇಬ್ಬರು ನಾಯಕರ ನಡುವಿನ ಮಾತಾಗಿದ್ದರೆ ಮುರಿಯುವುದು ಸುಲಭ. ಲಕ್ಷಾಂತರ ಜನ ಓದಿದ ಒಪ್ಪಂದವನ್ನು ಮುರಿದವನು ಮುಂದಿನ ಚುನಾವಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಶೇಂಗಾ ಸೀಮೆ, ಚಳ್ಳಕೆರೆ

ಕೋಟೆ ರಸ್ತೆಯವರು ಎತ್ತಿದ ಪ್ರಶ್ನೆಗೆ ಲೆಕ್ಕದ ಕಡೆಯಿಂದ ಉತ್ತರಿಸುತ್ತೇನೆ, ಸ್ವಲ್ಪ ದೀರ್ಘವಾದರೂ ಓದಿ.

2018ರ ಫಲಿತಾಂಶದ ದಿನ, ಆಗ ಮತದಾನ ನಡೆದಿದ್ದ 222 ಸ್ಥಾನಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಬಹುಮತಕ್ಕೆ 112 ಬೇಕು. ಒಂಟಿಯಾಗಿ ಯಾರಿಗೂ ಆಗುವುದಿಲ್ಲ. ಯಾವ ಇಬ್ಬರು ಸೇರಿದರೂ ಆಗುತ್ತದೆ: 182, 141, 115. ಹಾಗಾದರೆ ಸರ್ಕಾರ ರಚಿಸುವ ಶಕ್ತಿಯಲ್ಲಿ 104ಕ್ಕೂ 37ಕ್ಕೂ ವ್ಯತ್ಯಾಸವೇ ಇಲ್ಲ, ಮೂವರಿಗೂ ಸಮಪಾಲು. 2004ರಲ್ಲೂ ಹೀಗೆಯೇ: 79, 65, 58. ಇನ್ನು 2023ರಲ್ಲಿ 135 ಇದ್ದವರಿಗೆ ಪೂರ್ತಿ ಶಕ್ತಿ, 66ಕ್ಕೂ 19ಕ್ಕೂ ಸೊನ್ನೆ. ಸದನದಲ್ಲಿ ಸ್ಥಾನಗಳ ಸಂಖ್ಯೆಯೇ ಬೇರೆ, ಫಲಿತಾಂಶವನ್ನು ತಿರುಗಿಸುವ ಶಕ್ತಿಯೇ ಬೇರೆ. ಇದನ್ನು ಅಳೆಯಲು ಗಣಿತದಲ್ಲಿ ಸೂಚ್ಯಂಕಗಳಿವೆ. 1954ರಲ್ಲಿ ಶೇಪ್ಲಿ ಮತ್ತು ಶೂಬಿಕ್, 1965ರಲ್ಲಿ ವಕೀಲರಾದ ಬಾನ್ಜಾಫ್ ಕೊಟ್ಟವು ಹೆಚ್ಚು ಬಳಕೆಯಲ್ಲಿವೆ. ಬಾನ್ಜಾಫ್ ಲೆಕ್ಕ ಹಾಕಿದ್ದು ನ್ಯೂಯಾರ್ಕ್ ರಾಜ್ಯದ ನಸ್ಸಾವ್ ಕೌಂಟಿಯ ಮಂಡಳಿಯನ್ನು. ಅಲ್ಲಿ ಕೆಲವು ಪ್ರದೇಶಗಳ ಪ್ರತಿನಿಧಿಗಳಿಗೆ ಮತಗಳು ಇದ್ದವು, ಆದರೆ ಆ ಮತಗಳಿಂದ ಯಾವ ನಿರ್ಣಯವೂ ಎಂದೂ ಬದಲಾಗುವಂತಿರಲಿಲ್ಲ.

ಅನುಪಾತ ಪದ್ಧತಿ ಮತವನ್ನು ಸ್ಥಾನವಾಗಿ ಪ್ರಾಮಾಣಿಕವಾಗಿ ಬದಲಿಸುತ್ತದೆ. ಸ್ಥಾನವನ್ನು ಅಧಿಕಾರವಾಗಿ ಬದಲಿಸುವ ಹೊಣೆ ಅದರದ್ದಲ್ಲ. ಶೇ 13 ಮತದ ಪಕ್ಷಕ್ಕೆ ಮೂರನೇ ಒಂದು ಪಾಲು ಶಕ್ತಿ ಸಿಗುವುದು ಅದರಲ್ಲೂ ಸಾಧ್ಯ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಹಿಗ್ಗಿದ ಶಕ್ತಿ ಪಡೆದ ಸಣ್ಣ ಪಕ್ಷಗಳನ್ನು ಮತದಾರರು ಮುಂದೆ ಏನು ಮಾಡಿದರೆಂದು ನೋಡಿ. ಜರ್ಮನಿಯ ಎಫ್‌ಡಿಪಿ ಎಂಬ ಸಣ್ಣ ಪಕ್ಷ ದಶಕಗಳ ಕಾಲ ಅತ್ತಲೋ ಇತ್ತಲೋ ಸೇರಿ ಸರ್ಕಾರದಲ್ಲಿತ್ತು. 2013ರಲ್ಲಿ ಶೇ 5ರ ಗಡಿ ದಾಟಲಾಗದೆ ಸಂಸತ್ತಿನಿಂದಲೇ ಹೊರಬಿತ್ತು. ಮತ್ತೆ ಬಂದು, 2021ರಲ್ಲಿ ಸರ್ಕಾರ ಸೇರಿ, 2024ರ ನವೆಂಬರ್‌ನಲ್ಲಿ ಆ ಸರ್ಕಾರ ಮುರಿದ ಮೇಲೆ 2025ರ ಫೆಬ್ರುವರಿಯಲ್ಲಿ ಶೇ 4.3ಕ್ಕೆ ಕುಸಿದು ಮತ್ತೆ ಹೊರಬಿತ್ತು. ನ್ಯೂಜಿಲೆಂಡಿನಲ್ಲಿ ವಿನ್‌ಸ್ಟನ್ ಪೀಟರ್ಸ್ ಅವರ ಪಕ್ಷ 1996ರಲ್ಲಿ 17 ಸ್ಥಾನ ಗೆದ್ದು, ವಾರಗಟ್ಟಲೆ ಚೌಕಾಶಿ ಮಾಡಿ, ತನ್ನ ಮತದಾರರಲ್ಲಿ ಬಹಳಷ್ಟು ಜನ ಇಳಿಸಬೇಕೆಂದಿದ್ದ ನ್ಯಾಷನಲ್ ಪಕ್ಷದ ಜೊತೆಗೇ ಹೋಯಿತು. 1999ರಲ್ಲಿ ಅದಕ್ಕೆ ಉಳಿದದ್ದು 5 ಸ್ಥಾನ, 2008ರಲ್ಲಿ ಒಂದೂ ಇಲ್ಲ. ನಂತರ ತಿರುಗಿ ಬಂದದ್ದೂ ನಿಜ. ಆದರೆ ಶಿಕ್ಷೆ ನೇರವಾಗಿ, ಮತದ ಮೂಲಕವೇ ಆಯಿತು. ನಮ್ಮಲ್ಲಿ ಪಕ್ಷ ಬದಲಿಸಿದ ಶಾಸಕ ಉಪಚುನಾವಣೆಯಲ್ಲಿ ಬೇರೆ ಚಿಹ್ನೆಯಿಂದ ಗೆದ್ದು ಮಂತ್ರಿಯಾಗುತ್ತಾನೆ.

ಕೊನೆಯದಾಗಿ, ನಮ್ಮ 13ರ ಲೆಕ್ಕ. ಎರಡೂ ಜಿಲ್ಲೆಗಳನ್ನು 13 ಸದಸ್ಯರ ಒಂದೇ ಕ್ಷೇತ್ರವೆಂದು ಭಾವಿಸೋಣ. ಡಿ'ಹಾಂಟ್ ವಿಧಾನದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3 ಎಂದು ಭಾಗಿಸುತ್ತಾ ಹೋಗಿ, ಬಂದ ಭಾಗಲಬ್ಧಗಳಲ್ಲಿ ದೊಡ್ಡ 13ನ್ನು ಆರಿಸುತ್ತಾರೆ. ರಾಜ್ಯದ 2018ರ ಮತಪ್ರಮಾಣ ಹಾಕಿದರೆ ಕಾಂಗ್ರೆಸ್ 6, ಬಿಜೆಪಿ 5, ಜೆಡಿಎಸ್ 2. 2023ರ ಮತಪ್ರಮಾಣ ಹಾಕಿದರೂ 6, 5, 2. ಎರಡು ಚುನಾವಣೆಗಳಲ್ಲಿ ನಿಜವಾಗಿ ಬಂದದ್ದು 3–10–0, ಆಮೇಲೆ 11–2–0.

ಮಂಡಿಪೇಟೆ, ದಾವಣಗೆರೆ

ನಿಮ್ಮ ಲೆಕ್ಕವೇ ನನ್ನ ಮಾತಿಗೆ ಸಾಕ್ಷಿ. ಐದು ವರ್ಷ ಕಳೆದರೂ 6–5–2 ಎಂದರೆ ಮತದಾರ ಏನನ್ನೂ ಬದಲಿಸಲಿಲ್ಲ ಎಂದಾಯಿತು.

ವಿದ್ಯಾನಗರ ಶಿಕ್ಷಕಿ, ದಾವಣಗೆರೆ

ಮತದಾರರು ಅಷ್ಟೊಂದು ಬದಲಾಗಿರಲಿಲ್ಲವೆಂದು ಅದರ ಅರ್ಥ ಸರ್. ಆಗದ ಬದಲಾವಣೆಯನ್ನು ಆದಂತೆ ತೋರಿಸುವುದು ಮತದಾರರಿಗೆ ಮಾಡುವ ಉಪಕಾರವಲ್ಲ. ಆದರೂ ಈ 6–5–2ನ್ನು ಎಚ್ಚರಿಕೆಯಿಂದ ನೋಡಬೇಕು. ಜೆಡಿಎಸ್‌ನ ಬಲ ಹೆಚ್ಚಾಗಿ ಹಳೇ ಮೈಸೂರು ಭಾಗದಲ್ಲಿದೆ, ರಾಜ್ಯದ ಸರಾಸರಿಯನ್ನು ನಮ್ಮೂರಿಗೆ ತಂದು ಕೂರಿಸಿದರೆ ಅದು ಉಬ್ಬುತ್ತದೆ. ಪದ್ಧತಿ ಬದಲಾದರೆ ಜನ ಮತ ಹಾಕುವ ರೀತಿಯೂ ಬದಲಾಗುತ್ತದೆ. ಗೆಲ್ಲುವುದಿಲ್ಲವೆಂದು ಇಂದು ಬಿಟ್ಟವರಿಗೆ ನಾಳೆ ಮತ ಬೀಳುತ್ತದೆ.

ನಾನು ಬೇರೆ ವಿಷಯ ಹೇಳಬೇಕೆಂದಿದ್ದೇನೆ. ಎಲ್ಲರೂ ಪಕ್ಷಗಳ ಪಟ್ಟಿಯ ಪದ್ಧತಿಯನ್ನೇ, ಅಂದರೆ ಪಕ್ಷ ಕೊಟ್ಟ ಹೆಸರುಗಳ ಪಟ್ಟಿಯಿಂದ ಸ್ಥಾನ ತುಂಬುವುದನ್ನೇ, ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೀರಿ. ನಮಗೆ ಶಿಕ್ಷಕರಿಗೆ ಇನ್ನೊಂದು ಬಗೆಯ ಅನುಭವವಿದೆ. ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ನಾವು ಮತ ಹಾಕುವಾಗ ಆಯೋಗ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತೇವೆ. ನನ್ನ ಮೊದಲ ಆಯ್ಕೆ ಸ್ಪರ್ಧೆಯಿಂದ ಹೊರಬಿದ್ದರೆ ನನ್ನ ಮತ ಸಾಯುವುದಿಲ್ಲ, ಎರಡನೆಯವರಿಗೆ ಹೋಗುತ್ತದೆ. ಸಂವಿಧಾನದ 171ನೇ ವಿಧಿ ಇದನ್ನು ಏಕ ವರ್ಗಾವಣೆಯ ಮತದ ಮೂಲಕ ಪ್ರಮಾಣಾನುಗುಣ ಪ್ರಾತಿನಿಧ್ಯ ಎಂದೇ ಕರೆಯುತ್ತದೆ. ಆದರೆ ಅಲ್ಲಿ ಆಯ್ಕೆಯಾಗುವವರು ಒಬ್ಬರೇ, ಆದ್ದರಿಂದ ಅನುಪಾತ ಎಂಬುದು ಉಳಿಯುವುದಿಲ್ಲ. ಅನುಪಾತ ಕಾಣಬೇಕಾದರೆ ಒಂದು ಕ್ಷೇತ್ರದಿಂದ ಕನಿಷ್ಠ ಮೂರು ಜನ ಗೆಲ್ಲಬೇಕು. ರಾಜ್ಯಸಭೆಗೆ ನಮ್ಮ ಶಾಸಕರು ನಾಲ್ವರನ್ನು ಆರಿಸುವಾಗ ನಡೆಯುವುದು ಅದೇ; 45 ಮತ ಒಗ್ಗೂಡಿಸಿದವರಿಗೆ ಒಂದು ಸ್ಥಾನ.

ಐರ್ಲೆಂಡಿನಲ್ಲಿ 1922ರಿಂದ ಈ ಪದ್ಧತಿಯಿದೆ. ಪ್ರತಿ ಕ್ಷೇತ್ರಕ್ಕೆ 3ರಿಂದ 5 ಸದಸ್ಯರು. ಅದನ್ನು ತೆಗೆದುಹಾಕಲು ಸರ್ಕಾರವೇ 1959ರಲ್ಲಿ ಮತ್ತು 1968ರಲ್ಲಿ ಜನಮತಗಣನೆ ನಡೆಸಿತು. ಎರಡೂ ಸಲ ಜನ ಬೇಡವೆಂದರು. ಮತದಾರರು ತಾವಾಗಿ ಉಳಿಸಿಕೊಂಡ ಪದ್ಧತಿಯದು.

ಇದರಲ್ಲಿ ಪಕ್ಷದ ಹೈಕಮಾಂಡ್ ಪಟ್ಟಿ ಕೊಟ್ಟು ಕೂರುವಂತಿಲ್ಲ. ಒಂದೇ ಪಕ್ಷದ ಇಬ್ಬರಲ್ಲಿ ಯಾರು ಮೇಲೆಂದು ನಾನೇ ಹೇಳುತ್ತೇನೆ. ಕೋಟೆ ರಸ್ತೆಯವರು ಕೇಳಿದ ಮೈತ್ರಿಯ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರವಿದೆ. ನನ್ನ 1 ಯಾವ ಪಕ್ಷಕ್ಕೆ, ನನ್ನ 2 ಯಾವ ಪಕ್ಷಕ್ಕೆ ಎಂದು ಎಣಿಸಿದರೆ ಯಾವ ಎರಡು ಪಕ್ಷಗಳು ಸೇರುವುದನ್ನು ಮತದಾರರು ಒಪ್ಪುತ್ತಾರೆಂಬುದು ಮತಪತ್ರದಲ್ಲೇ ಕಾಣುತ್ತದೆ.

ಇನ್ನೂ ಒಂದು. 2018ರಲ್ಲಿ ನಮ್ಮ 13ರಲ್ಲಿ ಮಹಿಳೆ ಒಬ್ಬರೇ, ಹಿರಿಯೂರಿನಿಂದ. 2023ರಲ್ಲಿ ಒಬ್ಬರೂ ಇಲ್ಲ. ಒಂದೇ ಟಿಕೆಟ್ ಇರುವಲ್ಲಿ ಪಕ್ಷಗಳು ಅದನ್ನು ಯಾರಿಗೆ ಕೊಡುತ್ತವೆಂದು ನಾವು ನೋಡುತ್ತಲೇ ಬಂದಿದ್ದೇವೆ. ನಾಲ್ಕು ಟಿಕೆಟ್ ಕೊಡುವಾಗ ನಾಲ್ವರೂ ಗಂಡಸರೇ ಆದರೆ ಅರ್ಧದಷ್ಟು ಮತದಾರರು ಅದನ್ನು ಗಮನಿಸುತ್ತಾರೆ.

ಭದ್ರಾ ಕೊನೆ ಭಾಗ, ಹರಿಹರ ತಾಲ್ಲೂಕು

ಇಷ್ಟೆಲ್ಲ ಓದಿದೆ. ಲೆಕ್ಕ ಅರ್ಥವಾಯಿತು. ನನ್ನ ಪ್ರಶ್ನೆ ನೀರಿನದು.

ನಮ್ಮದು ಭದ್ರಾ ಬಲದಂಡೆ ನಾಲೆಯ ಕೊನೆ ಭಾಗ. ಭತ್ತ ನಾಟಿ ಮಾಡಿ ನೀರಿಗೆ ಕಾಯುವವರು ನಾವು. ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ನಮ್ಮ ಗದ್ದೆ ಬಿರುಕು ಬಿಡುತ್ತದೆ. ಆಗ ನಾವು ಹೋಗುವುದು ಶಾಸಕರ ಮನೆ ಬಾಗಿಲಿಗೆ. ಅವರು ಯಾವ ಪಕ್ಷದವರಾದರೂ ಆಗಲಿ, ನಮಗೆ ಮತ ಹಾಕಿಲ್ಲ ಹೋಗಿ ಎನ್ನುವಂತಿಲ್ಲ, ಇಂಥವರು ನಮ್ಮ ಶಾಸಕರು ಎಂಬುದು ಅವರಿಗೂ ಗೊತ್ತು ನಮಗೂ ಗೊತ್ತು. ಬೆಂಗಳೂರಿನಲ್ಲಿ ತಯಾರಾದ ಪಟ್ಟಿಯಲ್ಲಿ 43ನೆಯವನಾಗಿ ಗೆದ್ದವನನ್ನು ನಾನು ಎಲ್ಲಿ ಹುಡುಕಲಿ?

ಇನ್ನು 13 ಸದಸ್ಯರ ಒಂದೇ ಕ್ಷೇತ್ರ ಎಂದಿರಿ. ಚಿತ್ರದುರ್ಗದವರು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆ ಹಣಕ್ಕಾಗಿ ಮತ್ತೆ ಹೋರಾಟವಾಯಿತು. ಅವರ ಬರಗಾಲ ಸುಳ್ಳಲ್ಲ, ಅವರಿಗೆ ನೀರು ಬೇಡವೆಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಭದ್ರಾ ಜಲಾಶಯದ ನೀರಿನ ಮಾತು ಬಂದಾಗ ಅವರ ಹಿತವೂ ನಮ್ಮ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಎರಡನ್ನೂ ಒಂದೇ ಕ್ಷೇತ್ರಕ್ಕೆ ಹಾಕಿದರೆ ಪಕ್ಷಗಳು ಎರಡು ಕಡೆಯೂ ಸಿಹಿ ಮಾತಾಡಿ ನುಣುಚಿಕೊಳ್ಳುತ್ತವೆ.

ವಿದ್ಯಾನಗರ ಶಿಕ್ಷಕಿ, ದಾವಣಗೆರೆ

ಅಣ್ಣಾ, ನಿಮ್ಮ ಭಯ ಪಟ್ಟಿ ಪದ್ಧತಿಗೆ ಪೂರ್ತಿ ಒಪ್ಪುತ್ತದೆ. 13ರ ಒಂದೇ ಕ್ಷೇತ್ರ ನನಗೂ ಬೇಡ. ಹರಿಹರ, ದಾವಣಗೆರೆಯ ಎರಡು, ಮಾಯಕೊಂಡ ಸೇರಿ ನಾಲ್ಕು ಸದಸ್ಯರ ಒಂದು ಕ್ಷೇತ್ರ ಎಂದುಕೊಳ್ಳಿ. ಆಗ ಶೇ 20ಕ್ಕಿಂತ ಸ್ವಲ್ಪ ಹೆಚ್ಚು ಮತ ಒಗ್ಗೂಡಿದರೆ ಒಬ್ಬರು ಗೆಲ್ಲುತ್ತಾರೆ. ಕೊನೆ ಭಾಗದ ರೈತರು ಪಕ್ಷ ಯಾವುದೇ ಇರಲಿ, ನಾಲೆಯ ಬಗ್ಗೆ ಮಾತಾಡುವವರಿಗೆ ಮೊದಲ ಮೂರು ಪ್ರಾಶಸ್ತ್ಯ ಕೊಟ್ಟರೆ ನಿಮ್ಮವರು ಒಬ್ಬರು ಸದನದಲ್ಲಿರುತ್ತಾರೆ. ಈಗ ನಿಮ್ಮ ಗದ್ದೆಗೆ ಒಬ್ಬರೇ ಶಾಸಕರು. ಆಗ ನಾಲ್ವರು, ಬಹುಶಃ ಎರಡು ಮೂರು ಪಕ್ಷದವರು. ಒಬ್ಬರು ಕಿವಿಗೊಡದಿದ್ದರೆ ಇನ್ನೊಬ್ಬರ ಬಾಗಿಲಿದೆ.

ಮಂಡಿಪೇಟೆ, ದಾವಣಗೆರೆ

ನಾಲ್ವರಿದ್ದರೆ ನಾಲ್ವರೂ ಇನ್ನೊಬ್ಬರನ್ನು ತೋರಿಸುತ್ತಾರೆ ಮೇಡಂ.

ಬಯಲುಸೀಮೆ, ಹೊಳಲ್ಕೆರೆ

ಇಷ್ಟು ಹೊತ್ತಾದರೂ ಮೀಸಲಾತಿಯ ಮಾತನ್ನು ಯಾರೂ ಎತ್ತಲಿಲ್ಲ. ಈ 13ರಲ್ಲಿ ಐದು ಮೀಸಲು ಕ್ಷೇತ್ರಗಳು. ಮಾಯಕೊಂಡ, ಹೊಳಲ್ಕೆರೆ ಪರಿಶಿಷ್ಟ ಜಾತಿಗೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಪರಿಶಿಷ್ಟ ಪಂಗಡಕ್ಕೆ. ಸಂವಿಧಾನ ಸಭೆಯಲ್ಲಿ 1949ರ ಜನವರಿಯಲ್ಲಿ ಅನುಪಾತ ಪದ್ಧತಿಯ ತಿದ್ದುಪಡಿ ಬಂದಾಗ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಕ್ಷರಸ್ಥರು ಕಡಿಮೆ ಇರುವ ದೇಶದಲ್ಲಿ ಅದು ಕಷ್ಟ, ಶಾಸನಸಭೆ ಸಣ್ಣ ಗುಂಪುಗಳಾಗಿ ಒಡೆದು ಸರ್ಕಾರ ನಿಲ್ಲುವುದಿಲ್ಲ ಎಂಬುದು ಅವರ ವಾದವಾಗಿತ್ತು. ಅಲ್ಪಸಂಖ್ಯಾತರಿಗೆ ಬೇಕಾದ ರಕ್ಷಣೆಗೆ ಮೀಸಲು ಸ್ಥಾನಗಳ ದಾರಿಯಿದೆ ಎಂದರು. ಇಂದು ಕ್ಷೇತ್ರಗಳನ್ನೇ ಅಳಿಸಿ ಪಟ್ಟಿ ತಂದರೆ ನಮ್ಮ ಐದು ಸ್ಥಾನಗಳ ಖಾತರಿ ಏನಾಗುತ್ತದೆ? ಇದಕ್ಕೆ ಉತ್ತರವಿಲ್ಲದ ಸುಧಾರಣೆಯನ್ನು ನಾನು ಬೆಂಬಲಿಸುವುದಿಲ್ಲ.

ವಾಣಿವಿಲಾಸ, ಹಿರಿಯೂರು

ಕೇಳಲೇಬೇಕಾದ ಪ್ರಶ್ನೆ. ಮೊದಲು ಕಾನೂನು. ಸಂವಿಧಾನದ 170ನೇ ವಿಧಿ ವಿಧಾನಸಭೆಗೆ ಪ್ರಾದೇಶಿಕ ಕ್ಷೇತ್ರಗಳಿಂದ ನೇರ ಚುನಾವಣೆ ನಡೆಯಬೇಕೆನ್ನುತ್ತದೆ. ಒಂದು ಕ್ಷೇತ್ರಕ್ಕೆ ಒಬ್ಬರೇ ಎಂದು ಅದು ಹೇಳುವುದಿಲ್ಲ. 1951–52ರಲ್ಲೂ 1957ರಲ್ಲೂ ದೇಶದಲ್ಲಿ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದು ಸಾಮಾನ್ಯ, ಒಂದು ಮೀಸಲು, ಕ್ಷೇತ್ರ ಒಂದೇ. 1961ರ ಕಾಯ್ದೆ ಅವನ್ನು ತೆಗೆದುಹಾಕಿತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಇಂದಿಗೂ ಒಂದು ವಾರ್ಡಿನಿಂದ ಹಲವು ಸದಸ್ಯರು ಬರುತ್ತಾರೆ, ಅದರೊಳಗೇ ಮೀಸಲು ಸ್ಥಾನಗಳಿರುತ್ತವೆ. ಅಲ್ಲಿನ ಮತ ಎಣಿಕೆ ಅನುಪಾತದ್ದಲ್ಲ, ಆದರೆ ಬಹುಸದಸ್ಯ ಕ್ಷೇತ್ರದೊಳಗೆ ಮೀಸಲಾತಿ ನಡೆಸುವುದು ಹಳ್ಳಿಯ ಮತದಾರರಿಗೆ ಹೊಸದಲ್ಲ.

ಎರಡನೆಯ ದಾರಿ ಮಿಶ್ರ ಪದ್ಧತಿ. ನ್ಯೂಜಿಲೆಂಡ್ 1993ರ ಜನಮತಗಣನೆಯಲ್ಲಿ ಆರಿಸಿಕೊಂಡದ್ದು ಅದನ್ನೇ. ಅಲ್ಲಿ ಒಬ್ಬ ಮತದಾರನಿಗೆ ಎರಡು ಮತ: ಒಂದು ಕ್ಷೇತ್ರಕ್ಕೆ, ಒಂದು ಪಕ್ಷಕ್ಕೆ. ಕ್ಷೇತ್ರಗಳು ಹಾಗೆಯೇ ಉಳಿದವು, ಮಾವೊರಿ ಜನರ ಪ್ರತ್ಯೇಕ ಕ್ಷೇತ್ರಗಳೂ ಉಳಿದವು. ನಮ್ಮ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಇದರ ಹತ್ತಿರದ ಸಲಹೆ ಕೊಟ್ಟಿತ್ತು: ಲೋಕಸಭೆಯ ಇರುವ ಸ್ಥಾನಗಳನ್ನು ಮುಟ್ಟದೆ ಶೇ 25ರಷ್ಟು ಹೆಚ್ಚಿಸಿ, ಹೆಚ್ಚಿದವನ್ನು ಪಟ್ಟಿಯಿಂದ ತುಂಬುವುದು. ಮೀಸಲು ಕ್ಷೇತ್ರಗಳಿಗೆ ಅದರಿಂದ ತೊಂದರೆಯಿಲ್ಲ.

ಶೇಂಗಾ ಸೀಮೆ, ಚಳ್ಳಕೆರೆ

ನೇಪಾಳವನ್ನೂ ಸೇರಿಸಿ. ಅಲ್ಲಿ 275 ಸ್ಥಾನಗಳಲ್ಲಿ 165 ಕ್ಷೇತ್ರಗಳಿಂದ, 110 ಪಟ್ಟಿಯಿಂದ. ಪಟ್ಟಿಯಲ್ಲಿ ಮಹಿಳೆಯರು, ದಲಿತರು, ಜನಜಾತಿಯವರು ಇಂತಿಷ್ಟು ಇರಲೇಬೇಕು. ಸಂಸತ್ತಿನಲ್ಲಿ ಮೂರನೇ ಒಂದು ಭಾಗ ಮಹಿಳೆಯರಿದ್ದದ್ದು ಇದರಿಂದಲೇ. ಕೊರತೆಯೆಂದರೆ ಪಟ್ಟಿ ಮುಚ್ಚಿದ್ದು; ಹೆಸರುಗಳ ಮೇಲೆ ಮತದಾರನಿಗೆ ಹಿಡಿತವಿಲ್ಲ.

ಮಂಡಿಪೇಟೆ, ದಾವಣಗೆರೆ

ನೇಪಾಳದ ಹೆಸರು ಬಂದದ್ದು ಒಳ್ಳೆಯದಾಯಿತು. ಕೋಟೆ ರಸ್ತೆಯವರು ಚುನಾವಣೆಗೆ ಮೊದಲೇ ಮೈತ್ರಿ ಸಾರಬೇಕೆಂದರು. ಅಲ್ಲಿ 2022ರಲ್ಲಿ ಮಾವೋವಾದಿ ಪಕ್ಷದ ನಾಯಕ ಪ್ರಚಂಡ ಅವರು ನೇಪಾಳಿ ಕಾಂಗ್ರೆಸ್ ಜೊತೆ ಮೈತ್ರಿ ಸಾರಿಯೇ ಚುನಾವಣೆಗೆ ಹೋದರು. 275ರಲ್ಲಿ ಅವರಿಗೆ ಬಂದದ್ದು 32. ಪ್ರಧಾನಿ ಪಟ್ಟ ಕೊಡಲಿಲ್ಲವೆಂದು ಮೈತ್ರಿ ಬಿಟ್ಟು, ಯಾರ ವಿರುದ್ಧ ಮತ ಕೇಳಿದ್ದರೋ ಆ ಓಲಿಯವರ ಪಕ್ಷದ ಬೆಂಬಲದಿಂದ ಡಿಸೆಂಬರ್‌ನಲ್ಲಿ ಪ್ರಧಾನಿಯಾದರು. ಸಾರಿದ್ದರಿಂದ ಏನಾಯಿತು?

ನಮ್ಮ ಪಾಲಿಕೆಯನ್ನೇ ನೋಡಿ. 2019ರಲ್ಲಿ 45 ವಾರ್ಡುಗಳಲ್ಲಿ ಕಾಂಗ್ರೆಸ್ 22, ಬಿಜೆಪಿ 17. ಮುಂದೆ ಮೇಯರ್ ಆದದ್ದು ಬಿಜೆಪಿಯವರು. ಮತ ಹಾಕಿದ ಜನ ಹೇಳಿದ್ದು ಒಂದು, ಸಭಾಂಗಣದ ಎಣಿಕೆ ಹೇಳಿದ್ದು ಇನ್ನೊಂದು. ಬಹುಮತ ಸ್ಪಷ್ಟವಿಲ್ಲದ ಕಡೆಯಲ್ಲೆಲ್ಲ ಇದೇ ಕಥೆ.

ಕೋಟೆ ರಸ್ತೆ, ಚಿತ್ರದುರ್ಗ

ಮಂಡಿಪೇಟೆಯವರು ಸರಿಯಾದ ಜಾಗಕ್ಕೆ ಬೊಟ್ಟು ಮಾಡಿದ್ದಾರೆ. ಸಾರಿದರೆ ಸಾಲದು, ಸಾರಿದ್ದು ಕಟ್ಟಿಹಾಕಬೇಕು. ನಮ್ಮ ಪಕ್ಷಾಂತರ ನಿಷೇಧ ಕಾಯ್ದೆ, ಅಂದರೆ 1985ರಲ್ಲಿ ಬಂದ ಹತ್ತನೇ ಅನುಸೂಚಿ, ಒಬ್ಬ ಶಾಸಕನನ್ನು ಪಕ್ಷಕ್ಕೆ ಕಟ್ಟಿಹಾಕುತ್ತದೆ. ಇಡೀ ಪಕ್ಷವೇ ಒಂದು ಮೈತ್ರಿಯಿಂದ ಎದ್ದು ಎದುರಿನ ಮೈತ್ರಿಗೆ ಹೋದರೆ ಅದು ಏನನ್ನೂ ಕೇಳುವುದಿಲ್ಲ. ಬಿಡಿ ಶಾಸಕನಿಗೆ ಇರುವ ನಿಯಮ ಪಕ್ಷದ ಅಧ್ಯಕ್ಷನಿಗೆ ಇಲ್ಲ. 2006ರ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದದ್ದೂ 2022ರಲ್ಲಿ ಕಠ್ಮಂಡುವಿನಲ್ಲಿ ನಡೆದದ್ದೂ ಒಂದೇ ಬಗೆಯವು.

ಇದಕ್ಕೆ ಲಿಖಿತ ಪರಿಹಾರ ನಮ್ಮಲ್ಲೇ ಇದೆ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಆಡಳಿತದಲ್ಲಿ ನೈತಿಕತೆ ಕುರಿತ ತನ್ನ ನಾಲ್ಕನೇ ವರದಿಯಲ್ಲಿ ಒಂದು ಶಿಫಾರಸು ಮಾಡಿತು. ಸಮಾನ ಕಾರ್ಯಕ್ರಮದ ಮೇಲೆ ಮೈತ್ರಿಯಲ್ಲಿರುವ ಪಕ್ಷ, ಚುನಾವಣೆಗೆ ಮೊದಲಾಗಲಿ ಸರ್ಕಾರ ರಚಿಸುವಾಗಾಗಲಿ ಜನರ ಒಪ್ಪಿಗೆ ಪಡೆದು, ನಡುವೆ ಆ ಮೈತ್ರಿಯ ಹೊರಗಿನವರ ಜೊತೆ ಸೇರಿದರೆ, ಅದರ ಸದಸ್ಯರು ಮತ್ತೆ ಜನರ ಬಳಿಗೆ ಹೋಗಿ ಆರಿಸಿ ಬರಬೇಕು. ಅದಕ್ಕಾಗಿ ಸಂವಿಧಾನ ತಿದ್ದಬೇಕು ಎಂಬುದು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಬರೆಸಿದ ಈ ಮಾತನ್ನು ಯಾವ ಪಕ್ಷವೂ ಎತ್ತಿಕೊಳ್ಳಲಿಲ್ಲ, ಅವರದೇ ಪಕ್ಷವೂ ಎತ್ತಿಕೊಳ್ಳಲಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ.

ಅನುಪಾತ ಪದ್ಧತಿಯನ್ನು ಬೆಂಬಲಿಸುವ ನಾನು ಅದರ ಜೊತೆಗೆ ಮೂರನ್ನು ಕೇಳುತ್ತೇನೆ. ಮೊಯಿಲಿ ಆಯೋಗದ ಈ ನಿಯಮ, ಜರ್ಮನಿಯಂತೆ ಮುಂದಿನವರನ್ನು ಆರಿಸಿಯೇ ಇರುವವರನ್ನು ಇಳಿಸುವ ನಿಯಮ, ಶಿಕ್ಷಕಿಯವರು ಹೇಳಿದಂತೆ ಹೆಸರಿನ ಮೇಲೆ ಮತದಾರನ ಹಿಡಿತ. ಇವುಗಳಲ್ಲಿ ಮೊದಲನೆಯದಕ್ಕೆ ಅನುಪಾತ ಪದ್ಧತಿ ಬರುವವರೆಗೆ ಕಾಯಬೇಕಾಗಿಲ್ಲ. ಈಗಿನ ಪದ್ಧತಿಯಲ್ಲೂ ಅದು ಬೇಕು.

ಬಯಲುಸೀಮೆ, ಹೊಳಲ್ಕೆರೆ

ಬಹುಸದಸ್ಯ ಕ್ಷೇತ್ರದೊಳಗೆ ಮೀಸಲು ಸ್ಥಾನದ ಮಾತಿಗೆ ನನ್ನ ಒಪ್ಪಿಗೆಯಿದೆ, ಸ್ಥಾನಗಳ ಸಂಖ್ಯೆ ಕಾನೂನಿನಲ್ಲೇ ಬರೆದಿದ್ದರೆ ಮಾತ್ರ. ಪಕ್ಷಗಳ ಒಳ್ಳೆಯತನಕ್ಕೆ ಬಿಡುವುದಾದರೆ ಇಲ್ಲ.

ಮಂಡಿಪೇಟೆ, ದಾವಣಗೆರೆ

ಮೊಯಿಲಿ ಆಯೋಗದ ನಿಯಮ ಈಗಲೇ ಬರಲಿ, ನಾನೂ ಸಹಿ ಹಾಕುತ್ತೇನೆ. ಅನುಪಾತ ಪದ್ಧತಿಗೆ ನನ್ನ ವಿರೋಧ ಇದ್ದಂತೆಯೇ ಇದೆ.

ಭದ್ರಾ ಕೊನೆ ಭಾಗ, ಹರಿಹರ ತಾಲ್ಲೂಕು

ಶಿಕ್ಷಕಿಯವರು ಹೇಳಿದ ನಾಲ್ಕು ಸದಸ್ಯರ ಕ್ಷೇತ್ರದ ಬಗ್ಗೆ ಯೋಚಿಸಿದೆ. ಗಡಿಯನ್ನು ನಾಲೆಯ ಅಚ್ಚುಕಟ್ಟು ಪ್ರದೇಶ ನೋಡಿ ಎಳೆಯುವುದಾದರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತದೆ. ನಾಲೆಯ ಮೇಲ್ಭಾಗ, ಕೊನೆ ಭಾಗ ಒಂದೇ ಕ್ಷೇತ್ರದಲ್ಲಿದ್ದರೆ ನೀರಿನ ಜಗಳ ಅಲ್ಲೇ ತೀರಬೇಕಾಗುತ್ತದೆ. ಗಡಿ ಎಳೆಯುವವರು ಅದನ್ನೆಲ್ಲ ನೋಡುತ್ತಾರೆಯೇ?

ವಾಣಿವಿಲಾಸ, ಹಿರಿಯೂರು

ಕ್ಷೇತ್ರ ಮರುವಿಂಗಡಣೆಯ ಕಾಯ್ದೆ ಜನಸಂಖ್ಯೆಯ ಜೊತೆಗೆ ಭೌತಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ, ಜನರ ಅನುಕೂಲ ಇವನ್ನೂ ನೋಡಬೇಕೆನ್ನುತ್ತದೆ. ಕರಡು ಪ್ರಕಟಿಸಿ ಆಕ್ಷೇಪ ಕೇಳಬೇಕು, ಸಾರ್ವಜನಿಕ ಸಭೆ ನಡೆಸಬೇಕು. 2026ರ ನಂತರದ ಮೊದಲ ಜನಗಣತಿಯ ಅಂಕಿ ಬಂದ ಮೇಲೆ ಆ ಕೆಲಸ ಶುರುವಾಗಲಿದೆ. ಒಂದು ಸದಸ್ಯರ ಕ್ಷೇತ್ರವೇ ಇರಲಿ, ನಾಲ್ಕರದ್ದೇ ಆಗಲಿ, ನಾಲೆಯ ನಕ್ಷೆ ಹಿಡಿದು ಆ ಸಭೆಗೆ ಹೋಗುವವರು ನೀವೇ ಆಗಬೇಕು ಅಣ್ಣಾ. ಆಕ್ಷೇಪಣೆಯನ್ನು ಬರೆದುಕೊಡಲು ನಾನು ಬರುತ್ತೇನೆ.